ಉಪಕಸುಬಾಗಿ ಬಾಡಿಗೆ ಕಾರು: ಒಂದು ಲೆಕ್ಕದ ಪಾಠ



ಉಪಕಸುಬು ಎಂಬುದು ನಮ್ಮವರಿಗೆ ಹೊಸ ಮಾತಲ್ಲ. ತೋಟದ ಜೊತೆಗೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವುದು, ಅಡಿಕೆ ಸಾಲಿನಲ್ಲಿ ಬಾಳೆ ಇಡುವುದು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು, ತೆಂಗಿನ ಮಟ್ಟೆಯನ್ನು ನಾರಿನ ಕಾರ್ಖಾನೆಗೆ ಮಾರುವುದು, ಬಿಡುವಿನಲ್ಲಿ ಟ್ರ್ಯಾಕ್ಟರನ್ನು ಬಾಡಿಗೆಗೆ ಕಳಿಸುವುದು, ಇವೆಲ್ಲ ಹಿಂದಿನಿಂದ ನಡೆದು ಬಂದವು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಮತ್ತೊಂದು ಸೇರಿದೆ. ಮೊಬೈಲ್ ಫೋನಿನ ಮೂಲಕ ಗಿರಾಕಿಗಳನ್ನು ಒದಗಿಸುವ ಓಲಾ, ಊಬರ್, ರ್‍ಯಾಪಿಡೊ, ನಮ್ಮ ಯಾತ್ರಿ ಮುಂತಾದ ಸೇವೆಗಳಿಗೆ ಕಾರು ಸೇರಿಸಿ, ವಾರದಲ್ಲಿ ಎರಡು ಮೂರು ದಿನ ಬೆಂಗಳೂರಿನಲ್ಲಿ ಓಡಿಸಿ ಊರಿಗೆ ಮರಳುವುದೇ ಆ ಹೊಸ ಉಪಕಸುಬು.

ನಮ್ಮ ಮಾಯಸಂದ್ರದ ಕಡೆಯಿಂದ ಬೆಂಗಳೂರು ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ರಸ್ತೆ ಚೆನ್ನಾಗಿದೆ. ಮನೆಯಲ್ಲಿ ಓದಿದ ಹುಡುಗರಿದ್ದಾರೆ, ಅವರಿಗೆ ಗಾಡಿ ಓಡಿಸಲು ಬರುತ್ತದೆ. ಕೊಬ್ಬರಿಯ ಧಾರಣೆಯನ್ನು ನೆಚ್ಚಿ ಕೂರಲು ಆಗುವುದಿಲ್ಲವೆಂಬುದನ್ನು 2023ನೆಯ ಇಸವಿ ಎಲ್ಲರಿಗೂ ತೋರಿಸಿತು. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ ರೂ. 11,750 ಇದ್ದರೂ ತಿಪಟೂರು ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅದೇ ಕೊಬ್ಬರಿ 2025ರಲ್ಲಿ ರೂ. 20,000 ದಾಟಿತು. ಬಿದ್ದಾಗ ದಿನದ ಖರ್ಚಿಗೆ ಬೇರೆ ದಾರಿ ಬೇಕೆಂದು ಕಾರಿನ ಯೋಚನೆ, ಏರಿದಾಗ ಕೈಯಲ್ಲಿ ಮುಂಗಡಕ್ಕೆ ಹಣವಿದೆಯೆಂದು ಕಾರಿನ ಯೋಚನೆ. ಹೀಗೆ ಎರಡು ಕಡೆಯಿಂದಲೂ ಈ ವಿಚಾರ ನಮ್ಮ ಸಂಘದ ಬಾಗಿಲಿಗೆ ಬರುತ್ತಿದೆ.

ಈ ಕಸುಬಿಗೆ ಇಳಿಯಿರಿ ಎಂದಾಗಲಿ, ಇಳಿಯಬೇಡಿ ಎಂದಾಗಲಿ ಹೇಳುವುದು ನಮ್ಮ ಉದ್ದೇಶವಲ್ಲ. ಸಾಲದ ಅರ್ಜಿಗೆ ರುಜು ಹಾಕುವ ಮೊದಲು ಒಂದು ಸಂಜೆ ಕುಳಿತು ಮಾಡಬೇಕಾದ ಲೆಕ್ಕ ಯಾವುದು ಎಂಬುದನ್ನು ಇಲ್ಲಿ ತಿಳಿಯೋಣ.

ವ್ಯವಸ್ಥೆ ನಡೆಯುವ ಬಗೆ

ಊಬರ್ ಬೆಂಗಳೂರಿಗೆ ಬಂದದ್ದು 2013ರಲ್ಲಿ. ಓಲಾ ಅದಕ್ಕೂ ಮೊದಲು, 2010ರಲ್ಲಿ ಹುಟ್ಟಿತು. ಈ ಕಂಪನಿಗಳ ಕೆಲಸ ಗಿರಾಕಿಯನ್ನೂ ಚಾಲಕನನ್ನೂ ಕೂಡಿಸುವುದು. ಗಾಡಿ ಚಾಲಕನದು, ಇಂಧನ ಚಾಲಕನದು, ರಿಪೇರಿ ಚಾಲಕನದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಮಂಡಿ. ಮಂಡಿಯವರು ಕೊಬ್ಬರಿ ಬೆಳೆಯುವುದಿಲ್ಲ. ಕೊಳ್ಳುವವರನ್ನು ಕರೆತರುತ್ತಾರೆ, ಕಮಿಷನ್ ಹಿಡಿಯುತ್ತಾರೆ. ಬೆಳೆಗಾರನ ಗಿಡ ಒಣಗಿದರೆ ಅದು ಮಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ಚಾಲಕನ ಟೈರು ಸವೆದರೆ ಅದು ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ.

ಹಣ ಹಿಡಿಯುವ ರೀತಿ ಎರಡು. ಮೊದಲನೆಯದು ಪ್ರತಿ ಬಾಡಿಗೆಯಲ್ಲಿ ಶೇಕಡಾವಾರು ಕಮಿಷನ್. ಎರಡನೆಯದು ದಿನಕ್ಕೆ ಇಷ್ಟು ಎಂದು ಶುಲ್ಕ ಕಟ್ಟಿ, ಬಾಡಿಗೆ ಪೂರ್ತಿ ಚಾಲಕನೇ ಇಟ್ಟುಕೊಳ್ಳುವುದು. 2022ರ ನವೆಂಬರಿನಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘಟನೆಯ ಬೆಂಬಲದೊಡನೆ ಬಂದ ನಮ್ಮ ಯಾತ್ರಿ ಕಮಿಷನ್ ಇಲ್ಲದ ಪದ್ಧತಿಯನ್ನು ರೂಢಿಗೆ ತಂದಿತು. ಮೊದಲು ಆಟೋಗಳಿಗಿದ್ದ ಸೇವೆ ಆಮೇಲೆ ಕಾರುಗಳಿಗೂ ಬಂತು. 2025ರಲ್ಲಿ ಓಲಾ ಕೂಡ ದಿನದ ಶುಲ್ಕದ ಪದ್ಧತಿಗೆ ತಿರುಗಿತು. ದಿನವಿಡೀ ಓಡಿಸುವವರಿಗೆ ದಿನದ ಶುಲ್ಕ ಅನುಕೂಲ. ಎರಡು ಮೂರು ಬಾಡಿಗೆ ಮಾತ್ರ ಹೊಡೆಯುವವರಿಗೆ ಕಮಿಷನ್ ಪದ್ಧತಿಯೇ ಅಗ್ಗವಾಗಬಹುದು. ಯಾವುದು ಹಿಡಿಸುತ್ತದೆಂಬುದು ನಾವು ಎಷ್ಟು ಬಾಡಿಗೆ ಹೊಡೆಯುತ್ತೇವೆ ಎಂಬುದರ ಮೇಲೆ ನಿಂತಿದೆ.

ಹಳದಿ ಬೋರ್ಡು, ಬಿಳಿ ಬೋರ್ಡು

ಹಣದ ಲೆಕ್ಕಕ್ಕೆ ಮೊದಲು ಕಾನೂನಿನ ಮಾತು. ಮನೆಯ ಕಾರಿನ ನಂಬರ್ ಫಲಕ ಬಿಳಿ, ಬಾಡಿಗೆ ಕಾರಿನದು ಹಳದಿ. ವಿದ್ಯುತ್ ವಾಹನಗಳಿಗೆ ಹಸಿರು ಫಲಕ. ಅದರಲ್ಲಿ ಮನೆಬಳಕೆಯ ವಾಹನಕ್ಕೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ ಅಕ್ಷರ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಪ್ರಕರಣದಂತೆ ಬಾಡಿಗೆಗೆ ಓಡುವ ವಾಹನಕ್ಕೆ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ ರೂ. 10,000 ದಂಡ, ಜೊತೆಗೆ ಆರು ತಿಂಗಳವರೆಗಿನ ಸಜೆಗೂ ಅವಕಾಶವಿದೆ. ಬಿಳಿ ಬೋರ್ಡಿನ ಕಾರುಗಳಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯುವ ವಿಚಾರ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಚರ್ಚೆಗೆ ಬಂತು. ಮನೆಬಳಕೆಯ ವಾಹನವನ್ನು ವ್ಯಾಪಾರಕ್ಕೆ ಬಳಸಬಾರದೆಂದು ಸಾರಿಗೆ ಸಚಿವರೂ ಆಗ ಸ್ಪಷ್ಟಪಡಿಸಿದರು.

ದಂಡಕ್ಕಿಂತ ದೊಡ್ಡ ಭಯ ವಿಮೆಯದು. ಮನೆಬಳಕೆಯ ಕಾರಿನ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸಿದಲ್ಲಿ ಅನ್ವಯಿಸದು' ಎಂಬ ಷರತ್ತು ಇರುತ್ತದೆ. ಪಾಲಿಸಿ ಕಾಗದವನ್ನು ತೆಗೆದು 'ಬಳಕೆಯ ಮಿತಿ' ಎಂಬ ಸಾಲನ್ನು ಸದಸ್ಯರು ಓದಿ ನೋಡಬೇಕು. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಕಾರಿನ ನಷ್ಟ ಮಾಲೀಕನ ತಲೆಯ ಮೇಲೆ ಬರುತ್ತದೆ. ಗಾಯಗೊಂಡವರ ಪರಿಹಾರವನ್ನು ವಿಮೆ ಕಂಪನಿ ನ್ಯಾಯಾಲಯದ ಆದೇಶದಂತೆ ಮೊದಲು ಕೊಟ್ಟರೂ, ಆಮೇಲೆ ಮಾಲೀಕನಿಂದಲೇ ವಸೂಲು ಮಾಡುವ ಸಂದರ್ಭಗಳುಂಟು. ವಸೂಲಿಗೆ ಸಿಗುವುದು ಏನು? ಪಹಣಿಯಲ್ಲಿರುವ ತೋಟ. ಮೂರು ತಲೆಮಾರು ನೀರು ಹೊತ್ತು ಬೆಳೆಸಿದ ತೋಟವನ್ನು ಒಂದು ಭಾನುವಾರದ ಬಾಡಿಗೆಗಾಗಿ ಪಣಕ್ಕೆ ಇಡುವುದು ವಿವೇಕವಲ್ಲ.

ಚಾಲನಾ ಪರವಾನಗಿಯ ಬಗ್ಗೆ ಒಂದು ಒಳ್ಳೆಯ ಸುದ್ದಿಯಿದೆ. ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ಕಂಪನಿಗಳು ಸೇರಿಸಿಕೊಳ್ಳುವಾಗ ಪೊಲೀಸ್ ಪರಿಶೀಲನೆ ಮುಂತಾದ ಬೇರೆ ಕಾಗದಗಳನ್ನು ಕೇಳುತ್ತವೆ.

ಬೈಕ್ ಟ್ಯಾಕ್ಸಿ ಯೋಚಿಸುವ ಯುವಕರಿಗೂ ಒಂದು ಎಚ್ಚರಿಕೆ. 2025ರ ಏಪ್ರಿಲ್ 2ರಂದು ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಬೈಕ್ ಟ್ಯಾಕ್ಸಿ ನಿಲ್ಲಿಸುವಂತೆ ಆದೇಶಿಸಿತು. ಜೂನ್ 16ರಿಂದ ರಾಜ್ಯದಲ್ಲಿ ಓಡಾಟ ನಿಂತಿತು. ವಿಷಯ ಮೇಲ್ಮನವಿಗೆ ಹೋಯಿತು. ಹಿಂದಿನ ವಾರ ದುಡಿಮೆ ಕೊಟ್ಟ ಗಾಡಿ ಮುಂದಿನ ವಾರ ನಿಂತುಹೋಗಬಹುದೆಂಬುದಕ್ಕೆ ಇದು ಉದಾಹರಣೆ. ಗಾಡಿ ಕೊಳ್ಳುವ ಮುನ್ನ ಅಂದಿನ ನಿಯಮವನ್ನು ತಿಪಟೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಗಾಡಿ ಮಾರುವವರ ಮಾತೊಂದೇ ಸಾಲದು.

ವಾರದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿಗಳು ಉದಾಹರಣೆಗೆ ಹಿಡಿದವು. ತಮ್ಮ ಗಾಡಿಯ ಅಂಕಿಗಳನ್ನು ಹಾಕಿ ಸದಸ್ಯರು ತಾವೇ ಮತ್ತೊಮ್ಮೆ ಮಾಡಬೇಕು.

ರೂ. 8,00,000ಕ್ಕೆ ಹೊಸ ಕಾರು ಕೊಂಡು ಹಳದಿ ಬೋರ್ಡು ಹಾಕಿಸಿದೆವೆನ್ನಿ. ಅದರಲ್ಲಿ ರೂ. 6,00,000 ಸಾಲ, ಬಡ್ಡಿ ಶೇಕಡ 10, ಅವಧಿ ಐದು ವರ್ಷ. ತಿಂಗಳ ಕಂತು ಸುಮಾರು ರೂ. 12,750. ಐದು ವರ್ಷದ ನಂತರ ಕಾರು ರೂ. 2,50,000ಕ್ಕೆ ಹೋಗುತ್ತದೆನ್ನಿ. ವಾರದಲ್ಲಿ ಶುಕ್ರ, ಶನಿ, ಭಾನು ಮೂರು ದಿನ ಬೆಂಗಳೂರಿನಲ್ಲಿ ಓಡಾಟ. ದಿನಕ್ಕೆ 180 ಕಿ.ಮೀ. ಓಡಿದರೆ ಅದರಲ್ಲಿ ಗಿರಾಕಿ ಕೂತದ್ದು 120 ಕಿ.ಮೀ. ಉಳಿದದ್ದು ಗಿರಾಕಿಯನ್ನು ಹುಡುಕಿ, ಕರೆಯಲು ಹೋದ ದಾರಿ. ಊರಿನಿಂದ ಹೋಗಿ ಬರಲು ವಾರಕ್ಕೊಮ್ಮೆ 220 ಕಿ.ಮೀ. ವರ್ಷಕ್ಕೆ 50 ವಾರ.

ಬಾಡಿಗೆಯ ದರ ಎಷ್ಟು ಹಿಡಿಯಬೇಕು? 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ರೂ. 10 ಲಕ್ಷದೊಳಗಿನ ಕಾರುಗಳಿಗೆ ಮೊದಲ 4 ಕಿ.ಮೀ.ಗೆ ರೂ. 100, ಆಮೇಲೆ ಕಿ.ಮೀ.ಗೆ ರೂ. 24 ಎಂದು ಗೊತ್ತುಮಾಡಿತು. ಅದರಲ್ಲಿ ಐದರಲ್ಲಿ ಒಂದು ಪಾಲು ಕಂಪನಿಗೆ ಹೋದರೆ ಚಾಲಕನಿಗೆ ಕಿ.ಮೀ.ಗೆ ಸುಮಾರು ರೂ. 20 ಉಳಿಯಿತೆಂದು ಹಿಡಿಯೋಣ.

ವಾರದ ಜಮಾ:
ಗಿರಾಕಿ ಕೂತ 360 ಕಿ.ಮೀ., ರೂ. 20ರಂತೆ: ರೂ. 7,200

ವಾರದ ಖರ್ಚು:
ಇಂಧನ, ಒಟ್ಟು 760 ಕಿ.ಮೀ.ಗೆ ರೂ. 4.50ರಂತೆ: ರೂ. 3,420
ಊಟ, ಟೋಲು, ಗಾಡಿ ನಿಲ್ಲಿಸುವ ಜಾಗ, ದಿನಕ್ಕೆ ರೂ. 300ರಂತೆ: ರೂ. 900
ಟೈರು, ಆಯಿಲ್, ಸರ್ವಿಸ್, ಕಿ.ಮೀ.ಗೆ ರೂ. 1ರಂತೆ: ರೂ. 760
ವಿಮೆ, ತೆರಿಗೆ, ಎಫ್.ಸಿ., ವರ್ಷಕ್ಕೆ ರೂ. 40,000ದಂತೆ: ರೂ. 800
ಸಾಲದ ಬಡ್ಡಿ, ಸರಾಸರಿ ವರ್ಷಕ್ಕೆ ರೂ. 33,000ದಂತೆ: ರೂ. 660
ಕಾರಿನ ಸವಕಳಿ, ವರ್ಷಕ್ಕೆ ರೂ. 1,10,000ದಂತೆ: ರೂ. 2,200
ಒಟ್ಟು ಖರ್ಚು: ರೂ. 8,740

ಅಂದರೆ ವಾರಕ್ಕೆ ರೂ. 1,540 ನಷ್ಟ.

'ಹಾಗಾದರೆ ನಮ್ಮ ಹುಡುಗ ಪ್ರತಿ ಸೋಮವಾರ ಹಣ ತಂದು ಕೊಡುತ್ತಾನಲ್ಲ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹುಡುಗ ಕಾಣುವ ಖರ್ಚು ಎರಡೇ: ಇಂಧನ ಮತ್ತು ಊಟ, ಟೋಲು. ರೂ. 7,200ರಲ್ಲಿ ಇವೆರಡನ್ನೂ ಕಳೆದರೆ ರೂ. 2,880 ಕೈಯಲ್ಲಿ ಉಳಿಯುತ್ತದೆ. ಅದು ತಿಂಗಳಿಗೆ ಸರಾಸರಿ ರೂ. 12,000. ಕಂತು ರೂ. 12,750. ಕಂತಿಗೆ ಮುಕ್ಕಾಲು ಸಾವಿರ ಸೇರಿಸಿದರೆ ಸಾಕಲ್ಲ ಎಂದು ತೋರುತ್ತದೆ. ಆದರೆ ವರ್ಷದ ಕೊನೆಗೆ ವಿಮೆ ಬರುತ್ತದೆ, ಟೈರು ಬರುತ್ತದೆ. ಅವನ್ನು ಕಟ್ಟಲು ಹಣ ಎಲ್ಲಿಂದ ಬಂತು ಎಂದು ನೋಡಿದರೆ ಕೊಬ್ಬರಿಯ ಹಣದಿಂದ ಬಂದಿರುತ್ತದೆ. ತೋಟಕ್ಕೆ ಆಸರೆಯಾಗಲಿ ಎಂದು ತಂದ ಕಾರಿಗೆ ತೋಟವೇ ಆಸರೆ ಕೊಡುತ್ತಿರುತ್ತದೆ. ಕೈಗೆ ಬಂದ ಹಣ ಬೇರೆ, ಉಳಿದ ಹಣ ಬೇರೆ ಎಂಬುದು ಈ ಪಾಠದ ಮುಖ್ಯ ಮಾತು.

ಸವಕಳಿಯನ್ನು ಖರ್ಚಿನಲ್ಲಿ ಹಿಡಿಯುವುದು ನಮ್ಮವರಿಗೆ ರೂಢಿಯಿಲ್ಲ. ಕಾರಣವೂ ಇದೆ. ತೆಂಗಿನ ಸಸಿ ನೆಟ್ಟವನನ್ನು ವರ್ಷಗಟ್ಟಲೆ ಕಾಯಿಸುತ್ತದೆ, ಆಮೇಲೆ ಮಕ್ಕಳ ಕಾಲಕ್ಕೂ ಕಾಯಿ ಕೊಡುತ್ತದೆ. ಕಾರು ಹಾಗಲ್ಲ. ತಂದ ದಿನದಿಂದ ದುಡಿಯುತ್ತದೆ, ತಂದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. ಪ್ರತಿ ವಾರ ಅದರ ಬೆಲೆಯಲ್ಲಿ ಒಂದು ಚೂರು ಕರಗಿ ಬಾಡಿಗೆಯ ರೂಪದಲ್ಲಿ ನಮ್ಮ ಕೈಗೆ ಬರುತ್ತಿರುತ್ತದೆ. ಅದನ್ನು ಆದಾಯವೆಂದು ತಿಳಿದು ಖರ್ಚು ಮಾಡಿದರೆ ಮುಂದಿನ ಕಾರಿಗೆ ಮತ್ತೆ ಸಾಲವೇ ಗತಿ.

ಖಾಲಿ ಓಡಾಟ

ನಷ್ಟ ಎಲ್ಲಿಂದ ಬಂತೆಂದು ಹುಡುಕಿದರೆ ಎರಡು ಕಾರಣ ಸಿಗುತ್ತವೆ. ಮೊದಲನೆಯದು, ವಾರದಲ್ಲಿ ಮೂರೇ ದಿನ ಓಡುವ ಗಾಡಿ ಏಳು ದಿನದ ಬಡ್ಡಿ, ವಿಮೆ, ಸವಕಳಿಯನ್ನು ಹೊರಬೇಕು. ಎರಡನೆಯದು, ಓಡಿದ 760 ಕಿ.ಮೀ.ನಲ್ಲಿ ಹಣ ಕೊಟ್ಟದ್ದು 360 ಮಾತ್ರ, ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನಲ್ಲೇ ಮನೆಯಿರುವ ಚಾಲಕನಿಗೆ ಊರಿನ 220 ಕಿ.ಮೀ. ಇಲ್ಲ. ಆದುದರಿಂದ ಅವನ ಲಾಭವನ್ನು ಕೇಳಿ ನಾವು ಗಾಡಿ ಕೊಳ್ಳಬಾರದು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ ಸದಸ್ಯರಿಗೆ ಈ ದೂರ ಇನ್ನೂ ಹೆಚ್ಚು. ಅವರು ಮತ್ತಷ್ಟು ಯೋಚಿಸಬೇಕು.

ಎರಡನೆಯ ಉದಾಹರಣೆ ನೋಡೋಣ. ಸಾಲವಿಲ್ಲದೆ ರೂ. 4,00,000ಕ್ಕೆ ಹಳೆಯ ಹಳದಿ ಬೋರ್ಡಿನ ಕಾರು. ನಾಲ್ಕು ವರ್ಷದ ನಂತರ ರೂ. 2,00,000ಕ್ಕೆ ಮಾರಾಟ. ಸವಕಳಿ ವಾರಕ್ಕೆ ರೂ. 1,000, ವಿಮೆ ತೆರಿಗೆ ರೂ. 700. ಅದೇ ಮೂರು ದಿನದ ಬೆಂಗಳೂರು ಓಡಾಟಕ್ಕೆ ಒಟ್ಟು ಖರ್ಚು ರೂ. 6,780. ಉಳಿದದ್ದು ರೂ. 420, ದಿನಕ್ಕೆ ರೂ. 140. ನಷ್ಟವಿಲ್ಲ, ಆದರೆ ದುಡಿಮೆಯೆಂದು ಹೇಳುವಷ್ಟೂ ಇಲ್ಲ.

ಮೂರನೆಯದು ಅದೇ ಹಳೆಯ ಕಾರು, ಬೇರೆ ರೀತಿಯ ಬಾಡಿಗೆ. ಊರಿನವರು ಆಸ್ಪತ್ರೆಗೆ, ವಿಮಾನ ನಿಲ್ದಾಣಕ್ಕೆ, ಮದುವೆಗೆ ಬೆಂಗಳೂರಿಗೆ ಹೋಗಿ ಬರುವ ಗಾಡಿ ಕೇಳುತ್ತಾರೆ. ಎಡೆಯೂರು, ಆದಿಚುಂಚನಗಿರಿಗೆ ಹೋಗುವ ಕುಟುಂಬಗಳಿವೆ. ಇಲ್ಲಿ ಹೋಗುವ ದಾರಿಗೂ ಬರುವ ದಾರಿಗೂ ಹಣ ಸಿಗುತ್ತದೆ. ವಾರಕ್ಕೆ 240 ಕಿ.ಮೀ.ನ ಎರಡು ಬಾಡಿಗೆ, ಕಿ.ಮೀ.ಗೆ ರೂ. 13ರಂತೆ: ರೂ. 6,240. ಇಂಧನ ರೂ. 2,160, ಟೈರು ಸರ್ವಿಸ್ ರೂ. 480, ಊಟ ಟೋಲು ರೂ. 600, ಸವಕಳಿ ಮತ್ತು ವಿಮೆ ರೂ. 1,700, ಒಟ್ಟು ರೂ. 4,940. ಉಳಿದದ್ದು ರೂ. 1,300, ಅದೂ ಎರಡೇ ದಿನದ ಕೆಲಸಕ್ಕೆ. ಕಿಲೋಮೀಟರಿನ ದರ ರೂ. 20ರಿಂದ 13ಕ್ಕೆ ಇಳಿದರೂ ಉಳಿಕೆ ಹೆಚ್ಚಿತು. ಓಡಿದ ಪ್ರತಿ ಕಿಲೋಮೀಟರಿಗೂ ಹಣ ಬಂದದ್ದೇ ಇದಕ್ಕೆ ಕಾರಣ. ಆದರೆ ಇಂತಹ ಎರಡು ಬಾಡಿಗೆ ಪ್ರತಿ ವಾರವೂ ಸಿಗುತ್ತದೆಯೇ, ಊರಿನಲ್ಲಿ ಈಗಾಗಲೇ ಎಷ್ಟು ಹಳದಿ ಬೋರ್ಡಿನ ಕಾರುಗಳಿವೆ ಎಂಬುದನ್ನು ಮೊದಲು ಎಣಿಸಿಕೊಳ್ಳಬೇಕು. ಆಷಾಢದಲ್ಲಿ ಮದುವೆಗಳಿಲ್ಲ ಎಂಬುದೂ ನೆನಪಿರಲಿ.

ಬೆಂಗಳೂರಿಗೆ ಹೋಗಲೇಬೇಕೆನ್ನುವವರು ಹೋಗುವ ದಿನ ಊರಿನಿಂದಲೇ ಒಂದು ಬಾಡಿಗೆ ಗೊತ್ತುಮಾಡಿಕೊಂಡು ಹೊರಟರೆ ಖಾಲಿ ಓಡಾಟದ ಅರ್ಧ ಭಾರ ಇಳಿಯುತ್ತದೆ.

ತೋಟದ ಕಡೆಯ ಖರ್ಚು

ಮೇಲಿನ ಲೆಕ್ಕದಲ್ಲಿ ತೋಟದ ಬಾಬತ್ತನ್ನು ನಾವು ಸೇರಿಸಿಲ್ಲ. ಮನೆಯವರು ಮೂರು ದಿನ ಇಲ್ಲದಿದ್ದರೆ ಆ ಕೆಲಸಕ್ಕೆ ಆಳಿನ ಕೂಲಿ ಕೊಡಬೇಕು. ಕೂಲಿ ಕೊಟ್ಟರೂ ಕಣ್ಣು ಸಿಗುವುದಿಲ್ಲ. ಗರಿಯಲ್ಲಿ ಕಪ್ಪು ತಲೆ ಹುಳು ಹತ್ತಿದ್ದು, ಕಾಂಡದಲ್ಲಿ ರಸ ಸೋರುತ್ತಿರುವುದು, ಡ್ರಿಪ್ ಪೈಪನ್ನು ಇಲಿ ಕಡಿದದ್ದು, ಇವೆಲ್ಲ ದಿನವೂ ತೋಟ ಸುತ್ತುವವನಿಗೆ ಮೊದಲ ವಾರವೇ ಕಾಣುತ್ತವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯ ಒಬ್ಬ ಆಳು ಕಡಿಮೆಯಾದರೆ ಏನಾಗುತ್ತದೆಂದು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ. ಕೊಯ್ಲು ಸುಲಿತದ ತಿಂಗಳುಗಳಲ್ಲಿ ಗಾಡಿಯನ್ನು ಸಂಪೂರ್ಣ ನಿಲ್ಲಿಸಲು ಆಗುವಂತಿದ್ದರೆ ಮಾತ್ರ ಅದು ಉಪಕಸುಬು. ಕಂತಿನ ಹೆದರಿಕೆಯಿಂದ ಆಗಲೂ ಓಡಿಸಲೇಬೇಕಾದರೆ ತೋಟವೇ ಉಪಕಸುಬಾಯಿತು.

ಇನ್ನೊಂದು ಖರ್ಚು ನಿದ್ದೆಯದು. ಹಗಲು ತೋಟದಲ್ಲಿ ದುಡಿದು, ಸಂಜೆ ಹೊರಟು, ರಾತ್ರಿಯಿಡೀ ನಗರದಲ್ಲಿ ಓಡಿಸಿ, ಬೆಳಗಿನ ಜಾವ ಹೆದ್ದಾರಿಯಲ್ಲಿ ಮರಳುವುದು ಅಪಾಯದ ಕೆಲಸ. ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿ ಚಾಲಕನಿಗೆ ದಿನಕ್ಕೆ ಗರಿಷ್ಠ 12 ಗಂಟೆ ಎಂದು ಮಿತಿ ಹಾಕಿತು. ಆದರೆ ತೋಟದಲ್ಲಿ ಗುದ್ದಲಿ ಹಿಡಿದ ಗಂಟೆಗಳು ಯಾವ ಕಂಪನಿಯ ಫೋನಿನಲ್ಲೂ ದಾಖಲಾಗುವುದಿಲ್ಲ. ಅವನ್ನು ಮನೆಯವರೇ ಎಣಿಸಬೇಕು. ಮನೆಯ ಹಿರಿಯರು ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಮಾಡಬಾರದು. ನಿದ್ದೆಗೆಟ್ಟ ಹುಡುಗನ ಕೈಗೆ ಕೀಲಿ ಕೊಡಬಾರದು.

ಚಾಲಕನಿಗೆ ಇರುವ ರಕ್ಷಣೆ

ಈ ಸೇವೆಗಳನ್ನು ಹದ್ದಿನಲ್ಲಿಡಲು ನಮ್ಮ ರಾಜ್ಯ 2016ರಲ್ಲೇ ನಿಯಮಗಳನ್ನು ಮಾಡಿತು. 2025ರ ಜುಲೈ 1ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ, ರಾಜ್ಯಗಳು ಅಳವಡಿಸಿಕೊಳ್ಳಲೆಂದು ಸೂಚಿಸಿತು. ಅದರಂತೆ ಸ್ವಂತ ಗಾಡಿಯ ಚಾಲಕನಿಗೆ ಬಾಡಿಗೆಯ ಕನಿಷ್ಠ ಶೇಕಡ 80 ಸಿಗಬೇಕು, ಕನಿಷ್ಠ ರೂ. 5 ಲಕ್ಷದ ಆರೋಗ್ಯ ವಿಮೆ, ರೂ. 10 ಲಕ್ಷದ ಅವಧಿ ವಿಮೆ ಇರಬೇಕು.

2025ರಲ್ಲಿಯೇ ನಮ್ಮ ರಾಜ್ಯದಲ್ಲಿ ಇಂತಹ ಕೆಲಸಗಾರರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯ್ದೆ ಬಂತು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು, ಅದಕ್ಕೊಂದು ಮಂಡಳಿ ಇರಬೇಕು ಎಂದು ಅದು ಹೇಳುತ್ತದೆ. ಕೆಲಸದಿಂದ ತೆಗೆಯುವುದಾದರೆ ಕಾರಣ ತಿಳಿಸಿ 14 ದಿನ ಮೊದಲು ನೋಟೀಸು ಕೊಡಬೇಕೆಂಬುದು ಸಾಲ ಮಾಡಿದವರಿಗೆ ಮುಖ್ಯವಾದ ಅಂಶ. ಫೋನಿನಲ್ಲಿ ಖಾತೆ ನಿಂತುಹೋದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಷ್ಟೆ. ಓಡಿಸಲು ಹೊರಟವರು ಈ ಕಾಯ್ದೆಯಡಿ ತಮ್ಮ ಹೆಸರು ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಬಾಡಿಗೆಯ ವರಮಾನ ಕೃಷಿ ವರಮಾನವಲ್ಲವೆಂಬುದನ್ನೂ, ಅದಕ್ಕೆ ಆದಾಯ ತೆರಿಗೆಯ ನಿಯಮ ಬೇರೆಯೆಂಬುದನ್ನೂ ತಿಳಿದಿರಬೇಕು.

ಸಹಕಾರದ ದಾರಿ

ಸಹಕಾರಿಗಳಾದ ನಮಗೆ ಆಸಕ್ತಿಯ ಒಂದು ಬೆಳವಣಿಗೆಯನ್ನು ಇಲ್ಲಿ ಹೇಳಬೇಕು. 2025ರ ಜೂನಿನಲ್ಲಿ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಯಡಿ ಸಹಕಾರ್ ಟ್ಯಾಕ್ಸಿ ಸಹಕಾರ ಸಂಘ ನೋಂದಣಿಯಾಯಿತು. ಅಮುಲ್, ಇಫ್ಕೊ, ನಬಾರ್ಡ್ ಮೊದಲಾದ ಸಂಸ್ಥೆಗಳು ಅದರ ಹಿಂದಿವೆ. 'ಭಾರತ್ ಟ್ಯಾಕ್ಸಿ' ಎಂಬ ಹೆಸರಿನಲ್ಲಿ ಅದರ ಸೇವೆ 2025ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಚಾಲಕನೇ ಸದಸ್ಯ, ಚಾಲಕನೇ ಪಾಲುದಾರ ಎಂಬುದು ಅದರ ತತ್ವ. ಹಾಲು ಹಾಕುವವನೇ ಡೇರಿಯ ಒಡೆಯ ಎಂಬಂತೆ. ತತ್ವ ಒಳ್ಳೆಯದು. ಆದರೆ ಖಾಲಿ ಓಡಾಟವನ್ನೂ ಸವಕಳಿಯನ್ನೂ ಯಾವ ತತ್ವವೂ ಇಲ್ಲವಾಗಿಸುವುದಿಲ್ಲ. ಅಲ್ಲಿಗೆ ಸೇರುವವರಿಗೂ ಮೇಲಿನ ಲೆಕ್ಕ ತಪ್ಪದು.

ನಮ್ಮ ಸಂಘದ ಕಡೆಯಿಂದ ಹೇಳುವುದು ಇಷ್ಟೆ. ಬೆಳೆಸಾಲ ಬೆಳೆಗೆ ಇರುವುದು. ಬಡ್ಡಿಯಿಲ್ಲದೆ ಸಿಗುತ್ತದೆಂದು ಅದನ್ನು ಕಾರಿನ ಮುಂಗಡಕ್ಕೆ ತಿರುಗಿಸಿದರೆ ವಾಯಿದೆಗೆ ಕಟ್ಟುವಾಗ ತೊಂದರೆಯಾಗುತ್ತದೆ, ವಾಯಿದೆ ಮೀರಿದರೆ ಬಡ್ಡಿಯ ರಿಯಾಯಿತಿಯೂ ಹೋಗುತ್ತದೆ. ಧಾರಣೆ ಏರಿದ ವರ್ಷ ಬಂದ ಹೆಚ್ಚಿನ ಹಣದಲ್ಲಿ ಮೊದಲು ಹಳೆಯ ಸಾಲ ತೀರಲಿ, ಸತ್ತ ಮರದ ಜಾಗಕ್ಕೆ ಸಸಿ ಬೀಳಲಿ. ಅದಾದ ಮೇಲೂ ಕೈಯಲ್ಲಿ ಉಳಿದರೆ ಗಾಡಿಯ ಮಾತು.

ಅಭ್ಯಾಸಕ್ಕೆ

ಗಾಡಿ ಕೊಳ್ಳಲು ಯೋಚಿಸಿರುವ ಸದಸ್ಯರು ಕೆಳಗಿನ ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕುಳಿತು ಉತ್ತರ ಬರೆಯಬೇಕೆಂದು ಕೋರುತ್ತೇವೆ.

1. ವಾರದಲ್ಲಿ ಒಟ್ಟು ಓಡುವ ಕಿಲೋಮೀಟರ್ ಎಷ್ಟು? ಅದರಲ್ಲಿ ಹಣ ಬರುವುದು ಎಷ್ಟಕ್ಕೆ?
2. ಕಾರು ಕೊಂಡ ಬೆಲೆಯಲ್ಲಿ ಮಾರುವ ಬೆಲೆ ಕಳೆದು, ಓಡಿಸುವ ವಾರಗಳಿಂದ ಭಾಗಿಸಿದರೆ ಸವಕಳಿ ಎಷ್ಟು?
3. ಮೂರು ತಿಂಗಳು ಒಂದು ಬಾಡಿಗೆಯೂ ಸಿಗದಿದ್ದರೆ ಕಂತು ಎಲ್ಲಿಂದ ಕಟ್ಟುವಿರಿ?
4. ಪರ್ಮಿಟ್ ಮತ್ತು ವಿಮೆ ಎರಡೂ ಬಾಡಿಗೆ ಬಳಕೆಗೆ ಇವೆಯೇ?
5. ಕೊಯ್ಲಿನ ಕಾಲದಲ್ಲಿ ಗಾಡಿ ನಿಲ್ಲಿಸಬಲ್ಲಿರಾ?

ಈ ಹಾಳೆಯನ್ನು ತಂದರೆ ಕಚೇರಿ ವೇಳೆಯಲ್ಲಿ ಕುಳಿತು ಲೆಕ್ಕ ಸರಿನೋಡಲು ನಾವು ಸಿದ್ಧರಿದ್ದೇವೆ. ಈಗಾಗಲೇ ಓಡಿಸುತ್ತಿರುವ ಸದಸ್ಯರು ಒಂದು ತಿಂಗಳ ಕಿಲೋಮೀಟರ್ ಮತ್ತು ಖರ್ಚನ್ನು ಪುಸ್ತಕದಲ್ಲಿ ಬರೆದಿಟ್ಟು ತೋರಿಸಿದರೆ ಉಳಿದವರಿಗೆ ನಮ್ಮ ಉದಾಹರಣೆಗಿಂತ ಹೆಚ್ಚು ಉಪಕಾರವಾದೀತು.